ಯಾರೀ ‘ಅಯ್ಯ’?

ಪ್ರಶ್ನೆ: ನನ್ನ ಮಗಳು ಐದನೇ ಕ್ಲಾಸು. ಬೇಸಿಗೆ ಶಿಬಿರಕ್ಕೆ ಹೋಗಿ ಬಂದಾಗಿನಿಂದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅರ್ಥವಾಗದ್ದೇನೇನೋ ಬರೆಯುತ್ತಾಳೆ. ಪಕ್ಕದ ಮನೆ ಹುಡುಗಿಗೂ ಇವಳಿಗೂ ಚೀಟಿ ಓಡಾಡುತ್ತವೆ. ಕೇಳಿದರೆ ‘ಸೀಕ್ರೆಟ್’ ಅಂತಾಳೆ. ಒಂದು ಸಾಲನ್ನು ಅವಳಿಗೆ ಗೊತ್ತಾಗದಂತೆ ಬರೆದುಕೊಂಡಿದ್ದೇನೆ: ‘ಅಯ್ಯ ಉಫ್ಫಿಪಖಾರಿ ಖೊಢವಿವ್ವ’. ಈ ಅಯ್ಯ ಯಾರೋ ಎಂದು ನಿದ್ದೆಯೇ ಬರುತ್ತಿಲ್ಲ. ಅವರಪ್ಪ ‘ಪುಸ್ತಕ ಕಿತ್ತಿಡು’ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ಅಯ್ಯ ಅಂದರೆ ನೀವೇ, ತಾಯಿ.

ನಿಮ್ಮ ಮಗಳು ವರ್ಣಮಾಲೆಯ ಪ್ರತಿ ವ್ಯಂಜನವನ್ನೂ ಒಂದು ಮನೆ ಮುಂದಕ್ಕೆ ಸರಿಸಿದ್ದಾಳೆ. ಮ ಇದ್ದಲ್ಲಿ ಯ, ಪ ಇದ್ದಲ್ಲಿ ಫ, ಲ ಇದ್ದಲ್ಲಿ ವ. ಸ್ವರ, ಕಾಗುಣಿತ, ಒತ್ತು ಬರುವ ಜಾಗ ಮುಟ್ಟಿಲ್ಲ. ಒಂದೊಂದೇ ಅಕ್ಷರ ಹಿಂದಕ್ಕೆ ತಂದು ಓದಿ: ‘ಅಮ್ಮ ಉಪ್ಪಿನಕಾಯಿ ಕೊಡಲಿಲ್ಲ’.

ನನಗೆ ಸುಳಿವು ಸಿಕ್ಕಿದ್ದು ಕೊನೆಯ ‘ವ್ವ’ದಲ್ಲಿ. ನಮ್ಮ ಮಾತು ‘ಇಲ್ಲ’, ‘ಅಲ್ಲ’, ‘ಅಲ್ಲಿ’ ಎಂದು ಮುಗಿಯುವುದು ಎಷ್ಟು ಸಲ! ಒತ್ತಕ್ಷರ ಬಚ್ಚಿಡದೆ ಕನ್ನಡದಲ್ಲಿ ಗುಟ್ಟು ನಿಲ್ಲುವುದು ಕಷ್ಟ. ಪದೇ ಪದೇ ಬರುವ ಅಕ್ಷರದ ಜಾಡು ಹಿಡಿಯುವ ಈ ಉಪಾಯವನ್ನು ಬಾಗ್ದಾದಿನ ಅಲ್-ಕಿಂದಿ 9ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅಕ್ಷರ ಸರಿಸುವುದು ಅದಕ್ಕೂ ಹಳೆಯದು, ಜೂಲಿಯಸ್ ಸೀಸರ್ ಮೂರು ಮನೆ ಸರಿಸುತ್ತಿದ್ದ.

ನೀವು ಕದ್ದು ನೋಡಿದಿರಿ, ನಾನು ಬಿಡಿಸಿದೆ. ಇಬ್ಬರದೂ ತಪ್ಪೇ. ಇಲ್ಲಿಗೆ ನಿಲ್ಲಿಸೋಣ.

ಪುಸ್ತಕ ಕಿತ್ತಿಟ್ಟರೆ ಬರೆಯುವುದು ನಿಲ್ಲುವುದಿಲ್ಲ, ಬಚ್ಚಿಡುವ ಜಾಗ ಬದಲಾಗುತ್ತದೆ, ಅಷ್ಟೆ. ಒಂದು ‘ಕೊಡಲಿಲ್ಲ’ ಬರೆಯಲು ಆ ಮಗು ಕವರ್ಗ, ಟವರ್ಗ, ಯರಲವ ಎಲ್ಲವನ್ನೂ ತಲೆಯಲ್ಲಿ ಓಡಿಸಿದೆ. ವರ್ಣಮಾಲೆಯನ್ನು ತಡವರಿಸದೆ ಹೇಳುವ ದೊಡ್ಡವರೇ ಈಗ ಕಡಿಮೆ, ಬೇಕಾದರೆ ಅವರಪ್ಪನನ್ನೇ ಕೇಳಿ ನೋಡಿ. ನಾವು ಚಿಕ್ಕವರಿದ್ದಾಗ ಅಕ್ಷರಕ್ಕೊಂದು ‘ಪ’ ಹಚ್ಚಿ ಮಾತಾಡುತ್ತಿದ್ದೆವು: ‘ಪನಾಪಳೆ ಪಬಾ’. ಅಜ್ಜಿ ಏನೂ ತಿಳಿಯದವಳಂತೆ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದಳು. ಒಂದು ದಿನ ತಲೆ ಎತ್ತದೆ ‘ಪಕಾಪಫಿ ಪತಾ’ ಅಂದಳು! ಮಾರನೆ ದಿನದಿಂದ ನಾವು ‘ಪ’ ಬಿಟ್ಟು ಬೇರೆ ಅಕ್ಷರ ಹುಡುಕಿದೆವು. ಅಜ್ಜಿ ಮೇಲೆ ಸಿಟ್ಟೇನೂ ಬರಲಿಲ್ಲ.

ನೀವೂ ಆಟಕ್ಕಿಳಿಯಿರಿ. ನಿಮಗೆಂದೇ ಒಂದು ಚೀಟಿ ಬರೆದುಕೊಡಲು ಹೇಳಿ, ಅವಳ ಎದುರಿಗೇ ಕೂತು ಬಿಡಿಸಿ, ತಿಣುಕಾಡಿ, ಸುಳಿವು ಕೇಳಿ. ಸಂಗೀತ ಕಲಿಯುತ್ತಿದ್ದರೆ ಕಟಪಯಾದಿ ತೋರಿಸಿ: ಮಾಯಾಮಾಳವಗೌಳದ ಮೊದಲೆರಡು ಅಕ್ಷರದಲ್ಲಿ ಮ ಅಂದರೆ 5, ಯ ಅಂದರೆ 1, ತಿರುಗಿಸಿದರೆ 15. ಮೇಳಕರ್ತಗಳಲ್ಲಿ ಆ ರಾಗದ ಕ್ರಮಸಂಖ್ಯೆ ಅದೇ. ಸರಳೆ ವರಸೆ ಹಾಡುವ ಮಗುವಿಗೆ ಇದು ಎಂಥ ಖುಷಿ! ಇನ್ನೂ ಬೇಕು ಅಂದರೆ ಸಿರಿಭೂವಲಯ ಎಂಬ ಗ್ರಂಥ ಇದೆ. 27 ಅಡ್ಡ, 27 ಉದ್ದದ ಚೌಕಗಳ ತುಂಬ 1ರಿಂದ 64ರವರೆಗಿನ ಅಂಕಿಗಳು, ಅಂಕಿಗೊಂದು ಧ್ವನಿ. ಅದರ ಕಾಲದ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಮಗುವಿಗೆ ಜಗಳ ಬೇಡ, ಚೌಕ ಸಾಕು.

ನಿಮ್ಮ ದಿಗಿಲಿನಲ್ಲಿ ಹುರುಳಿರುವ ಜಾಗ ಬೇರೆ. ದೊಡ್ಡವರು ಯಾರಾದರೂ ‘ಅಮ್ಮನಿಗೆ ಹೇಳಬೇಡ’ ಅಂದರೆ ಅದು ಆಟದ ಗುಟ್ಟಲ್ಲ, ಅದನ್ನು ಬಂದು ಹೇಳಿಬಿಡಬೇಕು, ಹೇಳಿದರೆ ಬೈಯುವುದಿಲ್ಲ. ಈ ಮಾತನ್ನು ಅವಳಿಗೆ ಇವತ್ತೇ ಬಾಯಿಬಿಟ್ಟು ಹೇಳಿ. ಗುಟ್ಟು ಹಂಚಿಕೊಂಡು ಕಿಸಕ್ಕೆಂದು ನಗುವ ಮಗುವಿನ ಬಗ್ಗೆ ಹೆದರಬೇಕಿಲ್ಲ. ಮಾತು ಕಡಿಮೆಯಾಗಿ, ಊಟ ನಿದ್ದೆ ಕೆಟ್ಟು, ಶಾಲೆ ಬೇಡ ಎಂದು ಅಳುವ ಮಗುವಿನ ಹತ್ತಿರ ಮಾತ್ರ ತಡಮಾಡದೆ ಕೂತುಕೊಳ್ಳಬೇಕು. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ.

ಇವತ್ತು ಸಂಜೆ ‘ಒಂದು ಸಾಲು ಕದ್ದು ನೋಡಿದೆ, ತಪ್ಪಾಯ್ತು ಕಣೇ’ ಅಂದುಬಿಡಿ. ನಾಳೆ ಬೆಳಿಗ್ಗೆ ಊಟದ ಡಬ್ಬಿಗೆ ಉಪ್ಪಿನಕಾಯಿ ಹಾಕಿ, ಮುಚ್ಚಳದ ಮೇಲೊಂದು ಚೀಟಿ ಇಡಿ: ‘ಪಪಘೂ ಭಲೆ’.