ಮೋಡಲ್ ದರ ಎಂದರೆ ಯಾವ ದರ?

ನನ್ನ ಅಬ್ಬಾ ಹೊಸನಗರದ ಕಡೆ ಅಡಿಕೆ ತೋಟಗಳನ್ನು ಖೇಣಿ ಹಿಡಿಯುತ್ತಾರೆ. ಹೋದ ವರ್ಷ ಒಬ್ಬ ಯಜಮಾನರೊಂದಿಗೆ ಆದ ಮಾತು ಇಷ್ಟೇ: 10 ಕ್ವಿಂಟಲ್ ರಾಶಿ ಅಡಿಕೆಗೆ, ಲೆಕ್ಕ ಮುಗಿಸುವ ದಿನದ ಸಾಗರ ಪೇಟೆಯ ಧಾರಣೆ. ಆ ದಿನ ಅಬ್ಬಾ ಕ್ವಿಂಟಲಿಗೆ 48,000ದಂತೆ ಹಣ ಎಣಿಸಿದರು. "ಪೇಪರಲ್ಲಿ 55,000 ಅಂತ ಇದೆಯಲ್ಲ ಸಾಬ್ರೇ?" ಎಂದರು ಯಜಮಾನರು. ವ್ಯತ್ಯಾಸ 70,000 ರೂಪಾಯಿ. (ಲೆಕ್ಕಕ್ಕೆ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.) ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಯಜಮಾನರು ಓದಿದ್ದು ಗರಿಷ್ಠ ದರ, ಅಬ್ಬಾ ಹಿಡಿದದ್ದು ಮೋಡಲ್ ದರ.

ಎಪಿಎಂಸಿಯಲ್ಲಿ ಅಡಿಕೆಯನ್ನು ಲಾಟುಗಳಾಗಿ ಇಡುತ್ತಾರೆ. ವರ್ತಕರು ನೋಡಿ ಟೆಂಡರ್ ಹಾಕುತ್ತಾರೆ, ಪ್ರತಿ ಲಾಟಿಗೂ ಬೇರೆ ಬೇರೆ. ಹಾಗಾಗಿ ಒಂದೇ ಪೇಟೆಯಲ್ಲಿ ಒಂದೇ ದಿನ ರಾಶಿಗೆ ಹಲವು ದರ ಬೀಳುತ್ತದೆ. ಸಮ ತೂಕದ 10 ಲಾಟು ಬಂದಿವೆ ಎನ್ನೋಣ. 40,000ಕ್ಕೆ ಒಂದು, 46,000ಕ್ಕೆ ಒಂದು, 47,000ಕ್ಕೆ ಎರಡು, 48,000ಕ್ಕೆ ಐದು, 55,000ಕ್ಕೆ ಒಂದು ಹೋಯಿತು. ಕನಿಷ್ಠ 40,000, ಗರಿಷ್ಠ 55,000. ಹೆಚ್ಚು ಮಾಲು ಮಾರಾಟವಾದ 48,000 ಮೋಡಲ್ ದರ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾವು ಕಲಿತ ಬಹುಲಕವೇ ಇದು. ಇದನ್ನು ಸರಾಸರಿ ಎಂದುಕೊಳ್ಳುವವರು ಬಹಳ, ನಾನೂ ಹಾಗೇ ತಿಳಿದಿದ್ದೆ. ಕೂಡಿ ಭಾಗಿಸಿ ನೋಡಿ, ಸರಾಸರಿ 47,500 ಬರುತ್ತದೆ. ಆ ದರಕ್ಕೆ ಅಂದು ಒಂದು ಲಾಟೂ ಹೋಗಿಲ್ಲ!

55,000 ಸಿಕ್ಕಿದ್ದು ಒಬ್ಬರಿಗೆ. ಚೆನ್ನಾಗಿ ಬೇಯಿಸಿ ಒಣಗಿಸಿ ಬಣ್ಣ ಕೂಡಿದ ಮಾಲು ಇರಬಹುದು. ಆ ದರ ಸುಳ್ಳಲ್ಲ, ಆದರೆ ಪೇಟೆಯ ದರವೂ ಅಲ್ಲ.

ಇನ್ನೊಂದು ಎಚ್ಚರ. ಬಗೆ ಬದಲಾದರೆ ಹೋಲಿಕೆಯೇ ಇಲ್ಲ. ತೀರ್ಥಹಳ್ಳಿಯ ಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಬೇರೆ ಬೇರೆ ಸಾಲಿನಲ್ಲಿರುತ್ತವೆ. ಸರಕಿನ ದರ ನೋಡಿ ರಾಶಿಯ ಲೆಕ್ಕ ಹಾಕಿದರೆ ಜಗಳ ಖಂಡಿತ. ಆವಕವನ್ನೂ ನೋಡಬೇಕು. ಒಂದೇ ಲಾಟು ಬಂದ ದಿನ ಕನಿಷ್ಠ, ಗರಿಷ್ಠ, ಮೋಡಲ್ ಮೂರೂ ಒಂದೇ ಅಂಕಿ. ಅಂಥ ಮೋಡಲ್ ಹೆಸರಿಗೆ ಮಾತ್ರ.

ಕೊನೆಗೆ ಅಬ್ಬಾ 50,000ದಂತೆ ಕೊಟ್ಟು ಲೆಕ್ಕ ಮುಗಿಸಿದರು. ಈ ವರ್ಷದ ಕರಾರು ಬರೆದದ್ದು ನಾನು: "ಸಾಗರ ಎಪಿಎಂಸಿ, ರಾಶಿ, ಆ ದಿನದ ಮೋಡಲ್ ದರ." ಯಜಮಾನರು ಓದಿ, "ಆ ದಿನ ಮಾಲೇ ಬರದಿದ್ರೆ ಏನು ಮಾಡ್ತೀಯಾ ತಮ್ಮಾ?" ಎಂದರು. "ಮಾಲು ಬಾರದಿದ್ದರೆ ಅದರ ಹಿಂದಿನ ಟೆಂಡರಿನದ್ದು" ಎಂದು ಕೆಳಗೆ ಸೇರಿಸಿದೆ. ಇಬ್ಬರೂ ಸಹಿ ಹಾಕಿದರು.