ಬಕೆಟ್ ಒದ್ದು ಕಲಿತ ಪಾಠ

ಪ್ಲೇಸ್‌ಮೆಂಟ್ ಪರೀಕ್ಷೆಯ ವರ್ಬಲ್ ವಿಭಾಗಕ್ಕೆ ಅಂತ ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಇಂಗ್ಲಿಷ್ ಈಡಿಯಮ್‌ಗಳನ್ನು ಉರು ಹೊಡೆದೆವು. ದಿನಕ್ಕೆ 10. ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ: ಈಡಿಯಮ್, ಅರ್ಥ. 'ಕಿಕ್ ದ ಬಕೆಟ್' ಎದುರಿಗೆ 'ಸಾಯುವುದು', ಅಷ್ಟೇ.

ಆ ವಾರವೇ ರಾಜಘಟ್ಟದಲ್ಲಿ ನಮ್ಮ ಗೆಳೆಯನ ತಾತ ತೀರಿಕೊಂಡರು. ನಮ್ಮಲ್ಲೊಬ್ಬ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ 'ಹಿಸ್ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್' ಅಂತ ಹಾಕಿದ. ಉಳಿದ ಮೂವರೂ ಕೆಳಗೆ ಕೈಮುಗಿಯುವ ಇಮೋಜಿ ಹಾಕಿದೆವು. ಗೆಳೆಯ ಏನೂ ಹೇಳಲಿಲ್ಲ, ಗ್ರೂಪ್ ಬಿಟ್ಟ.

ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋಗಿ ಅಲ್ಲಿಂದ ಅವನ ಮನೆಗೆ ಹೋದೆವು. ಅಜ್ಜಿ ಜಗುಲಿ ಮೇಲೆ ಕೂತು ಬಂದವರಿಗೆಲ್ಲ 'ಶಿವನ ಪಾದ ಸೇರ್ಕೊಂಡ್ರಪ್ಪ' ಅಂತಿದ್ರು. ಇದೂ ಈಡಿಯಮ್ಮೇ ಅಲ್ವಾ ಅಂತ ನಮಗೆ ಹೊಳೆದದ್ದೇ ಆಗ. ಆಮೇಲೆ ಗೆಳೆಯ ಹೊರಗೆ ಕರೆದು ಒಂದೇ ಮಾತು ಕೇಳಿದ: 'ನಿಮ್ ತಾತ ಗೊಟಕ್ ಅಂದ್ರು ಅಂತ ನಾನು ಗ್ರೂಪಲ್ಲಿ ಬರೆದಿದ್ರೆ?'

ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಅರ್ಥ ಸರಿಯಿತ್ತು, ಬಳಕೆ ತಪ್ಪಾಗಿತ್ತು. 'ಕಿಕ್ ದ ಬಕೆಟ್' ತಮಾಷೆಯ, ಸ್ವಲ್ಪ ಒರಟು ಮಾತು. ದುಃಖದ ಮನೆಗೆ 'ಪಾಸ್ಡ್ ಅವೇ' ಬೇಕು. ಇನ್ನೊಂದು ವಿಷಯ: ಈ ಈಡಿಯಮ್ಮನ್ನು ತಿರುಗಿಸಿ 'ದ ಬಕೆಟ್ ವಾಸ್ ಕಿಕ್ಡ್' ಅಂದರೆ ಯಾರೂ ಸಾಯುವುದಿಲ್ಲ, ನಿಜವಾದ ಬಕೆಟ್ಟೇ ಉರುಳುತ್ತದೆ. ಆದರೆ ಗುಟ್ಟು ರಟ್ಟು ಮಾಡುವ 'ಸ್ಪಿಲ್ ದ ಬೀನ್ಸ್' ಹಾಗಲ್ಲ, 'ದ ಬೀನ್ಸ್ ವರ್ ಸ್ಪಿಲ್ಡ್' ಅಂತಲೂ ನಡೆಯುತ್ತದೆ. ಇದಕ್ಕೆ ಫಾರ್ಮುಲಾ ಇಲ್ಲ, ಒಂದೊಂದನ್ನೂ ವಾಕ್ಯದಲ್ಲೇ ನೋಡಬೇಕು.

ಪದಕ್ಕೆ ಪದ ಹಾಕಿದರೆ ಇನ್ನೂ ಎಡವಟ್ಟು. 'ಗಿವ್ ಮಿ ಎ ಹ್ಯಾಂಡ್' ಅಂದರೆ ಸಹಾಯ ಮಾಡು ಅಂತ. ಕನ್ನಡದಲ್ಲಿ 'ಕೈ ಕೊಟ್ಟ' ಅಂದರೆ ನಂಬಿಸಿ ಮೋಸ ಮಾಡಿದ ಅಂತ! ಪೂರ್ತಿ ಉಲ್ಟಾ. ನಾವು ದಿನಾ ಹೇಳುವ 'ಡೋಂಟ್ ಈಟ್ ಮೈ ಹೆಡ್' ನಮ್ಮ 'ತಲೆ ತಿನ್ನಬೇಡ'ದ ಕೂಸು. ಭಾರತದ ಆಚೆಯವರು ಕೇಳಿದರೆ ಗಾಬರಿ ಬೀಳಬಹುದು. ಕೆಲವು ಮಾತ್ರ ಚೆನ್ನಾಗಿ ಕೂಡುತ್ತವೆ. 'ಲೂಸ್ ದ ಥ್ರೆಡ್' ಅಂದರೆ ಮಾತಿನ ಎಳೆ ತಪ್ಪುವುದು. ಮಗ್ಗಗಳ ಊರಾದ ದೊಡ್ಡಬಳ್ಳಾಪುರದ ಸುತ್ತಮುತ್ತ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಊರ ಹತ್ತಿರ 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಅಗೆದಾಗ ಬೌದ್ಧ ಚೈತ್ಯ, ವಿಹಾರದ ಅವಶೇಷ ಸಿಕ್ಕಿದ್ದವಂತೆ ಅಂತ ನಮಗೆ ಗೊತ್ತಿತ್ತು, ನೋಡೋ ಆಸೆಯೂ ಇತ್ತು. ಆವತ್ತು ಕೇಳೋಕೆ ಬಾಯಿ ಬರಲಿಲ್ಲ.

ಈಗ ನೋಟ್‌ಬುಕ್ಕಿಗೆ ಇನ್ನೆರಡು ಕಾಲಂ ಸೇರಿವೆ: 'ಯಾರ ಮುಂದೆ ಹೇಳಬಹುದು', 'ನಮ್ಮಲ್ಲಿ ಏನಂತಾರೆ'. ಕೊನೆಯದು ತುಂಬಿಸುವುದೇ ಕಷ್ಟ, ಇಂಗ್ಲಿಷ್ ಮೀಡಿಯಂನವರು ನೋಡಿ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ತಿರುವಿ ಹಾಕುತ್ತೇವೆ, ಮನೆಯಲ್ಲಿ ಅಜ್ಜಿಯಂದಿರನ್ನು ಕೇಳುತ್ತೇವೆ.

ಗೆಳೆಯ ಇನ್ನೂ ಗ್ರೂಪಿಗೆ ವಾಪಸ್ ಬಂದಿಲ್ಲ. ಹೋದ ವಾರ ನೋಟ್‌ಬುಕ್ ಮಾತ್ರ ಇಸ್ಕೊಂಡು ಹೋದ, ಕೊನೇ ಕಾಲಂನಲ್ಲಿ 14 ಖಾಲಿ ಜಾಗ ತುಂಬಿಸಿ ಕೊಟ್ಟ.