ತಾಮ್ರದ ಹಲಗೆಗೆ ತಕ್ಕ ಕಟರ್

ಇಲೆಕ್ಟ್ರಾನಿಕ್ ಉಪಕರಣಗಳಲ್ಲಿ ತಂತಿಗಳಿಗೆ ಬದಲಾಗಿ ಹಲಗೆಯ ಮೇಲಿನ ತಾಮ್ರದ ಪಟ್ಟಿಗಳೇ ವಿದ್ಯುತ್ತನ್ನು ಒಯ್ಯುವುದನ್ನು ನಾವೆಲ್ಲ ಕಂಡಿದ್ದೇವೆ. ಇಂಥ ವಿದ್ಯುನ್ಮಂಡಲದ ಹಲಗೆಯನ್ನು ಮನೆಯಲ್ಲಿ ತಯಾರಿಸಲು ಎರಡು ಮಾರ್ಗಗಳುಂಟು. ಬೇಡವಾದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸುವುದು ಒಂದು. ಕಂಪ್ಯೂಟರಿನ ಅಂಕೆಯಲ್ಲಿ ನಡೆಯುವ ಸಣ್ಣ ಮಿಲ್ಲಿಂಗ್ ಯಂತ್ರದಿಂದ ಪಟ್ಟಿಗಳ ಸುತ್ತ ಕಾಲುವೆ ಕೊರೆಯುವುದು ಇನ್ನೊಂದು. ಈ ಎರಡನೆಯದರಲ್ಲಿ ಕೆಲಸದ ಸಫಲತೆ ಬಹುಮಟ್ಟಿಗೆ ಕಟರಿನ ಆಯ್ಕೆಯನ್ನು ಅವಲಂಬಿಸಿದೆ.

ಮೊದಲು ಹಲಗೆಯ ಸ್ವಭಾವವನ್ನು ತಿಳಿಯೋಣ. ಸಾಮಾನ್ಯ ಹಲಗೆಯ ದಪ್ಪ 1.6 ಮಿಲಿಮೀಟರ್, ಅದರ ಮೇಲಿನ ತಾಮ್ರದ ಪದರವಾದರೋ ಕೇವಲ 0.035 ಮಿ.ಮೀ. ತಾಮ್ರ ಮೃದುವಾದ ಲೋಹ. ಆದರೆ ಅದರ ಕೆಳಗಿರುವುದು ಎಪಾಕ್ಸಿ ರಾಳದಲ್ಲಿ ಹುದುಗಿದ ಗಾಜಿನ ಎಳೆಗಳ ನೇಯ್ಗೆ. ಈ ಗಾಜು ಉಕ್ಕಿನ ಕಟರನ್ನು ಬೇಗನೆ ಮೊಂಡಾಗಿಸುತ್ತದೆ. ಮೊಂಡಾದ ಕಟರ್ ತಾಮ್ರವನ್ನು ಕತ್ತರಿಸದೆ ಹರಿಯುತ್ತದೆ. ಹಾಗೆ ಎದ್ದ ಸಿಬಿರು ಪಕ್ಕದ ಪಟ್ಟಿಯನ್ನು ಮುಟ್ಟಿದರೆ ಮಂಡಲ ಕೆಟ್ಟಂತೆಯೇ. ಆದಕಾರಣ ಟಂಗ್‌ಸ್ಟನ್ ಕಾರ್ಬೈಡಿನ ಕಟರ್ ಬೇಕು. ಅದು ಬಹು ಕಠಿಣ, ಆದರೆ ಸುಲಭವಾಗಿ ಮುರಿಯುವಂಥದು.

ಇನ್ನು ಆಕಾರದ ವಿಚಾರ. ಕಾಲುವೆ ಕೊರೆಯುವ ಕಟರಿನ ತುದಿ ಶಂಕುವಿನಂತಿರುವುದರಿಂದ ಆಳ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ. ಲೆಕ್ಕ ಸುಲಭ:

ಅಗಲ = ತುದಿಯ ಅಗಲ + 2 × ಆಳ × ಅರ್ಧಕೋನದ ಟ್ಯಾಂಜೆಂಟ್.

0.1 ಮಿ.ಮೀ. ತುದಿಯ ಎರಡು ಕಟರುಗಳಿವೆಯೆನ್ನೋಣ. ಒಂದರ ಕೋನ 30 ಡಿಗ್ರಿ, ಇನ್ನೊಂದರದು 60. ಆಳ 0.1 ಮಿ.ಮೀ. ಆದಾಗ ಮೊದಲನೆಯದು ಸುಮಾರು 0.15, ಎರಡನೆಯದು 0.22 ಮಿ.ಮೀ. ಅಗಲ ಕೊರೆಯುತ್ತದೆ. ಹಲಗೆ ಒಂದೆಡೆ 0.1 ಮಿ.ಮೀ. ಉಬ್ಬಿದ್ದರೆ ಅಲ್ಲಿ ಆಳ ಇಮ್ಮಡಿಯಾಗಿ, ಅಗಲಗಳು 0.21 ಮತ್ತು 0.33 ಆಗುತ್ತವೆ. ಅಷ್ಟೇ ತಗ್ಗಿದ್ದರೆ ತಾಮ್ರ ಕತ್ತರಿಸುವುದೇ ಇಲ್ಲ.

ಹಾಗಾದರೆ ಅತಿ ಚೂಪಾದ ಕಟರೇ ಉತ್ತಮವೇ? ಅಲ್ಲ. ಕೋನ ಕಿರಿದಾದಷ್ಟೂ ತುದಿ ತೆಳುವಾಗಿ, ಬೇಗ ಮುರಿಯುತ್ತದೆ. ಆದ್ದರಿಂದ ನಕ್ಷೆಯಲ್ಲಿ ಅತ್ಯಂತ ಕಿರಿದಾದ ಅಂತರವನ್ನು ಮೊದಲು ಅಳೆಯಬೇಕು. ಕಾಲುಗಳ ನಡುವೆ 2.54 ಮಿ.ಮೀ. ದೂರವಿರುವ ಹಳೆಯ ಬಗೆಯ ಐ.ಸಿ.ಗಳಿಗೆ 60 ಡಿಗ್ರಿಯ ಗಟ್ಟಿ ಕಟರ್ ಸಾಕು. ಪಟ್ಟಿಗಳ ನಡುವೆ 0.2 ಮಿ.ಮೀ. ಮಾತ್ರ ತೆರಪಿದ್ದರೆ 30 ಡಿಗ್ರಿಯದು ಬೇಕು, ಹಲಗೆಯೂ ಸಮತಲವಾಗಿರಬೇಕು. ಇಮ್ಮುಖದ ಅಂಟುಪಟ್ಟಿಯಿಂದ ಅದನ್ನು ಸಪಾಟಾದ ಪೀಠಕ್ಕೆ ಪೂರ್ತಿಯಾಗಿ ಅಂಟಿಸುವುದು ಇದಕ್ಕೆ ಸುಲಭೋಪಾಯ.

ಬಿಡಿಭಾಗಗಳ ಕಾಲು ತೂರುವ ರಂಧ್ರಗಳಿಗೆ ಸುಮಾರು 0.8 ಮಿ.ಮೀ. ಡ್ರಿಲ್ಲನ್ನೂ, ಹಲಗೆಯ ಹೊರ ಅಂಚನ್ನು ಕತ್ತರಿಸಲು 1ರಿಂದ 2 ಮಿ.ಮೀ. ವ್ಯಾಸದ ನೇರ ಕಟರನ್ನೂ ಬಳಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಕೊರೆಯುವಾಗ ಏಳುವ ಗಾಜಿನ ಧೂಳು ಕಣ್ಣಿಗೂ ಶ್ವಾಸಕೋಶಕ್ಕೂ ಹಾನಿಕರ. ಅದನ್ನು ಬಾಯಿಂದ ಊದಬಾರದು, ಹೀರುಯಂತ್ರದಿಂದ ಸೆಳೆಯಬೇಕು. ಮುಖಗವಸು, ಕನ್ನಡಕಗಳಿಲ್ಲದೆ ಯಂತ್ರದ ಬಳಿ ಕೂಡಲೇಬಾರದು. ಮುರಿದ ಕಟರಿಗೆ ಬದಲಿ ಸಿಕ್ಕೀತು. ಕೆಟ್ಟ ಶ್ವಾಸಕೋಶಕ್ಕೆ ಸಿಕ್ಕದು.